ಎಡಗೈಯವನ ಎಲೆಗಳು

ಅಜ್ಜನಿಗೆ ನೆನಪು ಕೈಕೊಟ್ಟಿದೆ ಎಂದು ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದವರು ಯಾರೇ ಆಗಿರಲಿ, ನಿನ್ನೆ ತಿಂದದ್ದು ನಿಮಗೇ ನೆನಪಿರುವುದಿಲ್ಲ, ಬಾಯಿ ಮುಚ್ಚಿಕೊಂಡು ಕೇಳಿ. ನಿಮ್ಮ ಅಜ್ಜಿಯನ್ನು ನಾನು ಮೊದಲು ನೋಡಿದ್ದು ಹಳೇ ರೈಲ್ವೆ ಸ್ಟೇಷನ್ನಿನಲ್ಲಿ, ಕೆಲಸಕ್ಕೆಂದು ಬಿದಿರು ಕಟ್ಟಿ ಎಬ್ಬಿಸಿದ್ದ ಸಾರುವೆಯ ಮೇಲೆ. ಅದೂ ಅವಳು ಬೇರೊಬ್ಬನನ್ನು ಹೊಗಳುತ್ತಿದ್ದಾಗ.

ಸ್ಟೇಷನ್ನನ್ನು ಮೊದಲಿದ್ದ ಹಾಗೆಯೇ ರಿಪೇರಿ ಮಾಡುವ ಕೆಲಸ. ಟಿಕೆಟ್ ಕೊಡುವ ಹಾಲಿನ ಚಾವಣಿ ತುಂಬ ಗಾರೆಯ ಎಲೆಬಳ್ಳಿ. ಕಲ್ಲಿದ್ದಲ ಎಂಜಿನ್ನುಗಳ ಹೊಗೆ ಕುಡಿದು ಕಪ್ಪಾಗಿತ್ತು. ಅವಳು ಮಸಿ ತೊಳೆಸುವ ಮೇಡಂ, ನಾನು ಉದುರಿದ ಎಲೆಗಳನ್ನು ಮತ್ತೆ ಮಾಡುವ ಗಾರೆ ಮೇಸ್ತ್ರಿ. ಮಸಿ ಹೋದ ಹಾಗೆಲ್ಲ ಅವಳ ಮುಖ ಅರಳುತ್ತಿತ್ತು. ಎಲೆಗಳೆಲ್ಲ ಎಡಕ್ಕೆ ಬಾಗಿವೆ, ಇದನ್ನು ಮಾಡಿದವನು ಎಡಗೈಯವನೇ ಎಂದು ಕಂಡುಹಿಡಿದಳು. ಒಂದೆಲೆಯ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು ಸಿಕ್ಕಿತು. ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿ ನಿಂತುಬಿಟ್ಟಳು.

ಸತ್ತು ನೂರು ವರ್ಷವಾದವನ ಮೇಲೆ ಹೊಟ್ಟೆಕಿಚ್ಚೇ ಎಂದು ನಗಬೇಡಿ. ಬದುಕಿದ್ದವನಾದರೆ ಜಗಳವಾದರೂ ಆಡಬಹುದಿತ್ತು. ಇವನಿಗೆ ವಯಸ್ಸಾಗುವುದಿಲ್ಲ, ಬೆವರು ನಾರುವುದಿಲ್ಲ, ಎದುರು ಮಾತಂತೂ ಇಲ್ಲವೇ ಇಲ್ಲ. ನಾನೂ ಎಡಗೈಯಲ್ಲಿ ಟೀ ಕುಡಿಯಲು ಹೋಗಿ ಅಂಗಿ ತೋಯಿಸಿಕೊಂಡೆ. ಅವಳು ನೋಡಿ, ತುಟಿ ಕಚ್ಚಿಕೊಂಡು, ಆ ಕಡೆ ತಿರುಗಿದಳು.

ಕೊನೆಗೆ ರೋಸಿಹೋಗಿ, ಅವನ ಅಳತೆ ಬದಿಗಿಟ್ಟು, ನನ್ನ ಬಲಗೈಗೆ ಬಂದಂತೆ ಒಂದು ಎಲೆ ಮಾಡಿದೆ. ಬಲಕ್ಕೆ ಬಾಗಿ, ಇನ್ನೇನು ಗಾಳಿಗೆ ಅಲುಗುತ್ತದೆ ಎನ್ನುವಂಥ ಎಲೆ. ಅವನನ್ನು ಬಿಟ್ಟು ಒಮ್ಮೆಯಾದರೂ ನನ್ನ ಕಡೆ ನೋಡಲಿ ಎಂದು. ಅವಳು ದೀಪ ಹತ್ತಿರ ಹಿಡಿದು ಅದನ್ನು ಅಂಚಿನಿಂದ ಅಂಚಿಗೆ ನೋಡಿದಳು.

"ಇದನ್ನ ಒಡೀಬೇಕು ಮೇಸ್ತ್ರಿ."

"ಯಾಕೆ ಮೇಡಂ, ನಿಮ್ಮ ಎಡಚನಿಗಿಂತ ಕಡಿಮೆನಾ?"

"ಅವನದಕ್ಕಿಂತ ಚೆನ್ನಾಗಿದೆ. ಆದ್ರೆ ಇದು ಅವನ ಚಾವಣಿ. ಅವನ ಮನೇಲಿ ನಿಮ್ಮ ಎಲೆ ಯಾಕೆ?"

ಸುತ್ತಿಗೆ ತೆಗೆದುಕೊಂಡೆ. ಕೈ ಏಳಲಿಲ್ಲ. ಆಗ ಅವಳು, ನನ್ನ ಮುಖ ನೋಡದೆ, ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಹೇಳಿದಳು.

"ನನ್ನ ಮನೆ ಗೋಡೆ ಎಲ್ಲಾ ಖಾಲಿ ಇದೆ. ಅಲ್ಲಿ ಮಾಡಿ. ನಿಧಾನಕ್ಕೆ ಮಾಡಿದ್ರೂ ಸರಿ, ಜೀವನಪೂರ್ತಿ ಹಿಡಿದ್ರೂ ಸರಿ."

ಒಂದೇ ಏಟಿಗೆ ಒಡೆದೆ.

ಇವತ್ತಿಗೂ ಆ ಸ್ಟೇಷನ್ನಿಗೆ ಹೋದರೆ ಅವಳು ಟೈಮಿನ ಬೋರ್ಡು ನೋಡುವುದಿಲ್ಲ, ತಲೆಯೆತ್ತಿ ಅವನನ್ನೇ ನೋಡುತ್ತಾಳೆ. ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಇದನ್ನು ನಾಲ್ಕು ಜನಕ್ಕೆ ಕಳಿಸಿ. ಮೊದಲು ನಿಮ್ಮ ಅಜ್ಜಿಗೇ ಕಳಿಸಿ. ಪಕ್ಕದ ಕೋಣೆಯಲ್ಲೇ ಇದ್ದಾಳೆ, ಆದರೆ ಇಷ್ಟನ್ನೆಲ್ಲ ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ.