ಚಾರ್ಜಿಗೆ ಹಾಕಬೇಡಿ

ಮಾರ್ಚ್ ನಾಲ್ಕರ ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದಂತವೈದ್ಯರು ಕುರ್ಚಿಯಲ್ಲಿ ಕೂರುವ ಮೊದಲೇ ಫೋನು ತೆಗೆದು ಮೇಜಿನ ಮೇಲಿಟ್ಟರು. ಪರದೆಯಲ್ಲಿ ಅವರ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಸಾಕೆಟ್‌ನ ಫೋಟೊ ಇತ್ತು. ಪ್ಲಗ್ ಕೂರಬೇಕಾದ ತೂತುಗಳಲ್ಲೆಲ್ಲ ಬೂದು ಬಣ್ಣದ ಅಂಟು ತುಂಬಿ ಕಲ್ಲಿನಂತೆ ಗಟ್ಟಿಯಾಗಿತ್ತು.

"ನಾನು ದಿನಾ ಹಲ್ಲಿನ ತೂತು ಮುಚ್ಚೋನು. ಇಷ್ಟು ನೀಟಾಗಿ ನನಗೂ ಮುಚ್ಚೋಕೆ ಬರಲ್ಲ," ಎಂದರು.

ಹೆಡ್ ಕಾನ್‌ಸ್ಟೆಬಲ್ ನಕ್ಕರು. ಠಾಣೆಯಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಇನ್ಸ್‌ಪೆಕ್ಟರ್ ನಗದೆ ಕೇಳಿದರು: "ಯಾರ ಮೇಲಾದರೂ ಅನುಮಾನ ಇದೆಯಾ?"

"ಇಲ್ಲ ಸಾರ್."

"ಜಗಳ, ಪಾರ್ಕಿಂಗ್ ತಕರಾರು?"

"ನನ್ನ ಹತ್ರ ಬರೋರಿಗೆ ಬಾಯಿ ತೆರೆದು ಕೂರೋದೇ ಆಗುತ್ತೆ. ಜಗಳ ಎಲ್ಲಿಂದ ಬರಬೇಕು?"

ಆಸ್ತಿಗೆ ಹಾನಿ ಮಾಡಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಹನ್ನೆರಡರ ಹೊತ್ತಿಗೆ ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ ಪಂಚನಾಮೆ ನಡೆಯಿತು. ಪಕ್ಕದ ಔಷಧಿ ಅಂಗಡಿಯವರೂ ಕ್ಲಿನಿಕ್ಕಿನ ನರ್ಸೂ ಪಂಚರಾಗಿ ಸಹಿ ಹಾಕಿದರು. ಕಾರಿಗೆ ಬೇರೆ ಒಂದು ಗೀರೂ ಇರಲಿಲ್ಲ. ಸಾಕೆಟ್ಟಿನ ಮುಚ್ಚಳವನ್ನು ಮತ್ತೆ ಸರಿಯಾಗಿ ಮುಚ್ಚಿಟ್ಟು ಹೋಗಿದ್ದರು.

ಮುಂದಿನ ಹತ್ತು ದಿನಗಳಲ್ಲಿ ಅಂಥವೇ ದೂರುಗಳು ಒಂದರ ಹಿಂದೆ ಒಂದು ಬಂದವು. ಹೂವಿನ ಅಂಗಡಿಯವಳ ಕಾರು, ವಕೀಲರೊಬ್ಬರ ಕಾರು, ಗಣಿತದ ಮೇಡಂ ಒಬ್ಬರ ಕಾರು. ಎಲ್ಲವೂ ಒಂದೇ ಕಂಪನಿಯ ಒಂದೇ ಮಾದರಿ. ವಕೀಲರ ಕಟ್ಟಡದಲ್ಲಿ ಅದೇ ಮಾದರಿಯ ಇನ್ನೊಂದು ಕಾರು ನಾಲ್ಕು ಮಾರು ದೂರದಲ್ಲೇ ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಎಲ್ಲಾ ಹಲ್ಲೂ ಬಿಟ್ಟು ಹುಳುಕು ಹಲ್ಲನ್ನೇ ಹುಡುಕ್ತಿದಾನಲ್ಲ ಸಾರ್," ಎಂದರು ಮಾವ.

ಮಾವ ಅದನ್ನು ತಮಾಷೆಗೆ ಅಂದಿದ್ದರು. ಇನ್ಸ್‌ಪೆಕ್ಟರಿಗೆ ಮಾತ್ರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವರು ದೂರುದಾರರನ್ನೆಲ್ಲ ಮತ್ತೆ ಕರೆಸಿ ಒಂದೇ ಪ್ರಶ್ನೆ ಕೇಳಿದರು: ಈ ಕಾರಿನಲ್ಲಿ ಮೊದಲು ಏನಾದರೂ ತೊಂದರೆ ಇತ್ತೆ?

ಗಣಿತದ ಮೇಡಂ ಹೇಳಿದರು: "ಚಾರ್ಜಿಗೆ ಹಾಕಿದಾಗ ಹಿಂದಿನ ಸೀಟಿನ ಕೆಳಗೆ ಬಿಸಿ ಆಗ್ತಿತ್ತು. ಒಂದ್ಸಲ ಸುಟ್ಟ ವಾಸನೇನೂ ಬಂತು. ಸರ್ವಿಸ್ ಸೆಂಟರಿಗೆ ತೋರಿಸಿದ್ವಿ. ಅದೇನೋ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಸರಿ ಹೋಯ್ತು ಅಂತ ಕೊಟ್ರು."

ಉಳಿದವರೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು.

ಸರ್ವಿಸ್ ಸೆಂಟರ್ ಆಸ್ಪತ್ರೆಯಷ್ಟು ಬೆಳ್ಳಗಿತ್ತು. ನೆಲದ ಮೇಲೆ ಒಂದು ಹನಿ ಎಣ್ಣೆಯ ಕಲೆ ಇಲ್ಲ. ಮ್ಯಾನೇಜರ್ ಪೊಲೀಸರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಹೊರಗಿನ ಕೌಂಟರಿನಲ್ಲಿದ್ದ ಹೆಂಗಸಿಗೆ ಕಾಫಿ ತರುವಂತೆ ಸನ್ನೆ ಮಾಡಿದ. ಆಕೆಗೆ ನಲವತ್ತರ ಆಸುಪಾಸು. ಕಂಪನಿಯ ಬೂದು ಜಾಕೆಟ್ ತೊಟ್ಟಿದ್ದಳು.

"ಇವರು ನಮ್ಮ ಕೌಂಟರ್ ಅಕ್ಕ. ಎಂಥಾ ಸಿಟ್ಟಿನ ಗಿರಾಕೀನೂ ಇವರ ಹತ್ರ ಎರಡು ಮಾತಾಡಿದ್ರೆ ತಣ್ಣಗಾಗ್ತಾರೆ," ಎಂದ ಮ್ಯಾನೇಜರ್. ಅಕ್ಕ ಕಪ್ಪುಗಳನ್ನಿಟ್ಟು ಹೋದಳು.

"ಈ ಮಾದರಿಯಲ್ಲಿ ದೋಷ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತೆ."

"ಹೊರದೇಶದಲ್ಲಿ ಇದೇ ಕಾರನ್ನ ಕಂಪನಿ ವಾಪಸು ಕರೆಸಿಕೊಂಡು ಬ್ಯಾಟರಿ ಬದಲಾಯಿಸ್ತಿದೆಯಂತೆ. ರೀಕಾಲ್ ಅಂತ."

"ಆ ಪದ ನಾವು ಬಳಸಲ್ಲ ಸಾರ್. ಇಲ್ಲಿ ನಡೀತಿರೋದು ಸರ್ವಿಸ್ ಅಭಿಯಾನ. ಬರೀ ಸಾಫ್ಟ್‌ವೇರ್." ಮ್ಯಾನೇಜರ್ ಕಾಫಿ ಕುಡಿದ. "ನನ್ನ ಕೇಳಿದ್ರೆ ಇದು ನಮಗಾಗದವರ ಕೆಲಸ. ಅವರನ್ನ ಹಿಡೀರಿ. ಸಾಕೆಟ್ ಬೇರೆ ಸ್ಟಾಕ್ ಇಲ್ಲ, ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಗಿರಾಕಿಗಳು ನನ್ನ ಜೀವ ತಿಂತಿದಾರೆ."

ಕ್ಲಿನಿಕ್ಕಿನ ಎದುರಿನ ಕನ್ನಡಕದಂಗಡಿಯ ಕ್ಯಾಮೆರಾದಲ್ಲಿ ಮಾವನಿಗೆ ಬೇಕಾದದ್ದು ಸಿಕ್ಕಿತು. ಮಾರ್ಚ್ ಎರಡರ ಮಧ್ಯಾಹ್ನ ಬೂದು ಜಾಕೆಟ್ ತೊಟ್ಟ ಹೆಂಗಸೊಬ್ಬಳು ಅಂಗಳಕ್ಕೆ ಬಂದು, ಕಾರಿನ ಬದಿಯಲ್ಲಿ ಬಗ್ಗಿ, ಸ್ವಲ್ಪ ಹೊತ್ತಿಗೆ ಎದ್ದು ಹೋಗಿದ್ದಳು. ಓಡಿರಲಿಲ್ಲ, ಮುಖವನ್ನೂ ಮುಚ್ಚಿಕೊಂಡಿರಲಿಲ್ಲ. ಆದರೆ ಚಿತ್ರ ಮಸುಕಾಗಿತ್ತು. ವಕೀಲರ ಕಟ್ಟಡದ ಕಾವಲುಗಾರನೂ ಜಾಕೆಟ್ ನೆನಪಿಟ್ಟುಕೊಂಡಿದ್ದ. "ಕಂಪನಿಯಿಂದ ಚೆಕ್ ಮಾಡೋಕೆ ಬಂದಿದೀನಿ ಅಂದ್ರು ಸಾರ್. ಹೋಗೋವಾಗ ಥ್ಯಾಂಕ್ಸ್ ಬೇರೆ ಹೇಳಿದ್ರು." ಆದರೆ ಅವನು ಮಗಳ ಹೆರಿಗೆಗೆಂದು ರಜೆ ಹಾಕಿ ಹೊರಟು ನಿಂತಿದ್ದ. ಸೋಮವಾರ ಬಂದು ಗುರುತು ಹಿಡಿಯುತ್ತೇನೆ ಎಂದ.

"ಕೌಂಟರ್ ಅಕ್ಕನೇ ಸಾರ್. ಈಗಲೇ ಹೋಗಿ ಕರ್ಕೊಂಡು ಬರೋಣ," ಎಂದರು ಮಾವ.

"ಸಾಕ್ಷಿ ಗುರುತು ಹಿಡೀಲಿ. ಎಲ್ಲಿ ಓಡಿಹೋಗ್ತಾಳೆ?" ಎಂದರು ಇನ್ಸ್‌ಪೆಕ್ಟರ್.

ಅದೇ ವಾರ ದಂತವೈದ್ಯರು ಠಾಣೆಗೆ ಮತ್ತೆ ಬಂದಿದ್ದರು. ಅವರ ಭಾವಮೈದುನ ಬೇರೆ ಊರಿನ ಶೋರೂಮಿನಿಂದ ಹೊಸ ಸಾಕೆಟ್ ಸಂಪಾದಿಸಿದ್ದ. ಕಾರು ಮಾತ್ರ ಪ್ರಕರಣದ ವಸ್ತುವಾಗಿ ಪೊಲೀಸರ ವಶದಲ್ಲಿತ್ತು. "ಹಾಳಾದ ಸಾಕೆಟ್ ನೀವಿಟ್ಕೊಳಿ ಸಾರ್, ಗಾಡಿ ನನಗೆ ಬಿಟ್ಕೊಡಿ. ಹೆಂಡತಿ ಸ್ಕೂಟರ್ ಹಿಂದೆ ಕೂತು ಕೂತು ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು." ಇನ್ಸ್‌ಪೆಕ್ಟರ್ ಅಂಟು ತುಂಬಿದ ಸಾಕೆಟ್ಟನ್ನು ವಶಕ್ಕೆ ತೆಗೆದುಕೊಂಡು, ಪಂಚರ ಎದುರು ಮೊಹರು ಮಾಡಿ, ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿ ಕಾರು ಬಿಟ್ಟುಕೊಟ್ಟರು. ಒಬ್ಬ ಒಳ್ಳೆಯ ಮನುಷ್ಯನಿಗೆ ಉಪಕಾರ ಮಾಡಿದ ಸಮಾಧಾನ ಅವರಿಗಿತ್ತು.

ಮಾರ್ಚ್ ಹದಿನಾರರ ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನ ಅಂಗಳದಲ್ಲಿ ಕಾರು ಹೊತ್ತಿಕೊಂಡಿತು. ಊಟವಾದ ಮೇಲೆ ವೈದ್ಯರು ಕಾರನ್ನು ಚಾರ್ಜಿಗೆ ಹಾಕಿ, ಎಸಿ ಹಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರಂತೆ. ಅದು ಅವರ ರೂಢಿ. ಬೆಂಕಿ ಬಂದೊಡನೆ ಕಾರಿನ ವಿದ್ಯುತ್ ನಿಂತಿತು. ವಿದ್ಯುತ್ ನಿಂತೊಡನೆ, ಅದರಿಂದಲೇ ತೆರೆದುಕೊಳ್ಳುವ ಬಾಗಿಲಿನ ಹಿಡಿಗಳೂ ಸತ್ತವು. ಹಿಂದಿನ ಬಾಗಿಲನ್ನು ಕೈಯಿಂದ ತೆರೆಯಲು ಒಂದು ತಂತಿ ಇತ್ತು. ಅದು ಬಾಗಿಲಿನ ಜೇಬಿನ ತಳದಲ್ಲಿ, ರಬ್ಬರಿನ ಹಾಸಿನ ಅಡಿಯಲ್ಲಿತ್ತು. ನರ್ಸು ಹೊರಗಿನಿಂದ ಕಲ್ಲೆತ್ತಿ ಗಾಜು ಒಡೆಯಲು ನೋಡಿದ್ದಳು. ಅವಳ ಎರಡೂ ಅಂಗೈ ಬೆಂದಿದ್ದವು.

ಇನ್ಸ್‌ಪೆಕ್ಟರ್ ಸ್ಥಳ ಪಂಚನಾಮೆ ಬರೆಸಿದರು. ಎರಡು ವಾರದ ಹಿಂದೆ ಸಹಿ ಹಾಕಿದ್ದ ಔಷಧಿ ಅಂಗಡಿಯವರೇ ಈಗಲೂ ಸಹಿ ಹಾಕಿದರು. ಆಸ್ಪತ್ರೆಯ ಶವಾಗಾರದ ಹೊರಗೆ ವೈದ್ಯರ ಹೆಂಡತಿ ಸ್ಕೂಟರಿನ ಬೀಗದ ಕೈ ಹಿಡಿದುಕೊಂಡೇ ಕೂತಿದ್ದಳು.

ಭಾನುವಾರ ಕಂಪನಿಯ ಹೇಳಿಕೆ ಬಂತು. ದುಷ್ಕರ್ಮಿಗಳು ಚಾರ್ಜಿಂಗ್ ವ್ಯವಸ್ಥೆಯನ್ನು ವಿರೂಪಗೊಳಿಸಿದ್ದೇ ಬೆಂಕಿಗೆ ಕಾರಣ. ಕಾರು ಸಂಪೂರ್ಣ ಸುರಕ್ಷಿತ. ಪೊಲೀಸರು ಕೂಡಲೇ ತಪ್ಪಿತಸ್ಥರನ್ನು ಬಂಧಿಸಬೇಕು. ಮಧ್ಯಾಹ್ನದೊಳಗೆ ಮೇಲಧಿಕಾರಿಯ ಫೋನೂ ಬಂತು.

"ಸಾರ್, ಆ ಸಾಕೆಟ್ ನಾನೇ ತೆಗೆಸಿ ಮೊಹರು ಮಾಡಿಟ್ಟಿದೀನಿ. ಕಾರಲ್ಲಿದ್ದದ್ದು ಹೊಸದು," ಎಂದರು ಇನ್ಸ್‌ಪೆಕ್ಟರ್.

"ಅದನ್ನ ಪ್ರಯೋಗಾಲಯ ಹೇಳಲಿ. ನೀವು ಎಂಜಿನಿಯರಾ?"

"ಪ್ರಯೋಗಾಲಯದ ವರದಿಗೆ ತಿಂಗಳುಗಳೇ ಬೇಕು."

"ಅಲ್ಲಿವರೆಗೂ ಕಂಪನಿ ವರದಿ ಲಗತ್ತಿಸಿ. ಮೊದಲು ಆ ಹೆಂಗಸನ್ನ ಒಳಗೆ ಹಾಕಿ."

ಸೋಮವಾರ ಬೆಳಿಗ್ಗೆ ಕಾವಲುಗಾರ ಫೋಟೊ ನೋಡಿ ಗುರುತು ಹಿಡಿದ. ಒಂಬತ್ತರ ಹೊತ್ತಿಗೆ ಇನ್ಸ್‌ಪೆಕ್ಟರ್, ಮಾವ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಕೌಂಟರ್ ಅಕ್ಕನ ಮನೆಗೆ ಹೋದರು. ಅವಳ ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರವಿತ್ತು. ಅವನು ಹೆಗಲ ಮೇಲಿದ್ದ ಅಳತೆಯ ಟೇಪನ್ನು ತೆಗೆಯುವುದನ್ನೂ ಮರೆತು ಎದ್ದು ನಿಂತ.

"ಇವಳೇನು ಮಾಡ್ತಾಳೆ ಸಾರ್? ಸಂತೇಲಿ ಚಿಲ್ಲರೆ ಜಾಸ್ತಿ ಕೊಟ್ರೆ ತಿರುಗಿ ಹೋಗಿ ಕೊಟ್ಟು ಬರೋಳು."

ಅಕ್ಕ ಒಳಗಿನಿಂದ ಬಂದಳು. ಕೆಲಸಕ್ಕೆ ಹೊರಡಲು ಜಾಕೆಟ್ ತೊಟ್ಟಿದ್ದಳು. ಶನಿವಾರವೇ ರಜೆ ಹಾಕಿ ತವರಿಗೆ ಹೋಗಿ ಆಗತಾನೆ ಬಂದಿದ್ದ ಅವಳಿಗೆ ಸುದ್ದಿ ಗೊತ್ತಿರಲಿಲ್ಲ.

"ಸಾಕೆಟ್ಟಿಗೆ ಅಂಟು ಹಾಕಿದ್ದು ನೀವೇನಾ?"

"ಹೌದು ಸಾರ್, ನಾನೇ." ಗಂಡನ ಕಡೆ ತಿರುಗಿ, "ಕೂತ್ಕೊಳ್ರೀ," ಎಂದಳು.

"ಶನಿವಾರ ಒಂದು ಗಾಡಿ ಸುಟ್ಟುಹೋಯ್ತು. ಒಳಗಿದ್ದವರು ತೀರ್ಕೊಂಡ್ರು."

"ಯಾವ ಗಾಡಿ?"

"ಹಲ್ಲಿನ ಡಾಕ್ಟರದು."

"ಇಲ್ಲ ಸಾರ್. ಅದಕ್ಕೆ ನಾನು ಅಂಟು ಹಾಕಿದ್ದೆ. ಅದು ಚಾರ್ಜ್ ಆಗೋಕೇ ಸಾಧ್ಯ ಇಲ್ಲ."

"ಬೇರೆ ಸಾಕೆಟ್ ಹಾಕಿಸಿದ್ರು."

"ಸ್ಟಾಕೇ ಇರ್ಲಿಲ್ವಲ್ಲ."

"ಬೇರೆ ಊರಿಂದ ತರಿಸಿದ್ರು."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಗಾಡಿ ನಿಮ್ಮ ವಶದಲ್ಲಿತ್ತಲ್ಲ ಸಾರ್. ಯಾರು ಬಿಟ್ಟಿದ್ದು?"

"ನಾನು," ಎಂದರು ಇನ್ಸ್‌ಪೆಕ್ಟರ್.

ಮಹಿಳಾ ಕಾನ್‌ಸ್ಟೆಬಲ್ ಕೈ ಹಿಡಿದಾಗ ಅಕ್ಕ ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿ, ಜೀಪು ಹತ್ತಿದಳು.

ಠಾಣೆಯಲ್ಲಿ ಅವಳ ಹೇಳಿಕೆ ಬರೆದುಕೊಂಡವರು ಮಾವ. ಅವಳ ಕೌಂಟರಿಗೆ ಒಬ್ಬ ಹುಡುಗಿ ಬರುತ್ತಿದ್ದಳು, ಮಕ್ಕಳಿಗೆ ಈಜು ಕಲಿಸುವವಳು. ಸಾಲ ಮಾಡಿ ಕಾರು ಕೊಂಡಿದ್ದಳು. ತಲೆಗೂದಲು ಯಾವಾಗಲೂ ಒದ್ದೆ, ಸೀಟು ನೆನೆಯಬಾರದೆಂದು ಟವೆಲ್ ಹಾಸಿಕೊಂಡೇ ಓಡಿಸುತ್ತಿದ್ದಳು. ಸೀಟಿನ ಕೆಳಗೆ ಬಿಸಿಯಾಗುತ್ತದೆಂದು ಮತ್ತೆ ಮತ್ತೆ ಬಂದಳು. ಪ್ರತಿ ಸಲವೂ ಒಳಗಿನವರು ಸಾಫ್ಟ್‌ವೇರ್ ಹಾಕಿ ಕಳಿಸಿದರು. ಕೊನೆಯ ಸಲ ಅವಳು ಕಾರು ಬೇಡವೆಂದು ಅತ್ತಿದ್ದಳು.

"ನಾನೇ ಸಮಾಧಾನ ಮಾಡ್ದೆ. ಸರಿಹೋಗಿದೆ ತಂಗಿ, ಧೈರ್ಯವಾಗಿ ತಗೊಂಡ್ಹೋಗು ಅಂದೆ. ನನ್ನ ಮಾತು ನಂಬಿ ಕೀ ಇಸ್ಕೊಂಡ್ಳು," ಎಂದಳು ಅಕ್ಕ. "ಆ ವಾರವೇ ರಸ್ತೇಲಿ ಸುಟ್ಟೋಯ್ತು. ಬಾಗಿಲು ತೆಗೀಲಿಲ್ಲ. ಕಾರಲ್ಲಿ ಸೆಂಟ್ ಬಾಟಲಿ ಇತ್ತು, ಅದಕ್ಕೇ ಬೆಂಕಿ ಅಂತ ಕಂಪನಿಯೋರು ಬರೆದ್ರು. ಅಲ್ಲಿನ ಠಾಣೆಯೋರು ಆಕಸ್ಮಿಕ ಸಾವು ಅಂತ ಮುಚ್ಚಿದ್ರು."

"ಆಮೇಲೆ ನೀನು ಯಾರಿಗೂ ಹೇಳ್ಲಿಲ್ವಾ ತಾಯಿ?" ಮಾವ ಕೇಳಿದರು.

"ಮ್ಯಾನೇಜರಿಗೆ ಹೇಳ್ದೆ. ಸಾರಿಗೆ ಇಲಾಖೆಗೆ ಬರೆದೆ, ಅವರು ಕಂಪನೀನೇ ಕೇಳಿ ಅಂತ ಉತ್ತರ ಕೊಟ್ರು. ಬಿಸಿ ಆಗುತ್ತೆ ಅಂತ ಬಂದಿದ್ದವರಿಗೆಲ್ಲ ನಾನೇ ಫೋನ್ ಮಾಡ್ದೆ. ಓಡಿಸಬೇಡಿ, ಚಾರ್ಜಿಗೆ ಹಾಕಬೇಡಿ ಅಂದೆ. ಒಬ್ಬರು ನಕ್ಕರು. ಒಬ್ಬರು ನನ್ನ ಮೇಲೆ ಮ್ಯಾನೇಜರಿಗೆ ದೂರು ಕೊಟ್ರು. ಎಲ್ಲರದೂ ಒಂದೇ ಮಾತು, 'ಸರಿ ಹೋಗಿದೆ ಅಂತ ನೀವೇ ಹೇಳಿದ್ರಲ್ಲಾ ಅಕ್ಕ' ಅಂತ." ಅಕ್ಕ ಮುಂದುವರಿಸಿದಳು: "ಸಾಕೆಟ್ ಸ್ಟಾಕ್ ಇಲ್ಲ ಅಂತ ಗೊತ್ತಿತ್ತು. ಬರೋವರೆಗಾದ್ರೂ ಗಾಡಿ ನಿಂತಿರ್ತಾವೆ ಅಂದ್ಕೊಂಡೆ. ಅಷ್ಟರಲ್ಲಿ ಯಾರಾದ್ರೂ ರೀಕಾಲ್ ಮಾಡ್ತಾರೆ ಅಂದ್ಕೊಂಡೆ."

ಮಾವ ಬರೆಯುವುದನ್ನು ನಿಲ್ಲಿಸಿ ಕನ್ನಡಕ ಒರೆಸಿದರು. ಆಮೇಲೆ ಸಹಿ ಹಾಕಿಸಿಕೊಂಡರು.

ಎಫ್‌ಐಆರಿಗೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪವೂ ಸೇರಿತು. ನ್ಯಾಯಾಧೀಶರು ಅವಳನ್ನು ಜೈಲಿಗೆ ಕಳಿಸಿದರು. ಕಾರಿನಲ್ಲಿ ಹೊಸ ಸಾಕೆಟ್ ಇತ್ತೆಂದು ಇನ್ಸ್‌ಪೆಕ್ಟರ್ ತಮ್ಮ ವರದಿಯಲ್ಲಿ ಸ್ಪಷ್ಟವಾಗಿಯೇ ಬರೆದರು. ಆಕ್ಷೇಪಣೆ ಇಲ್ಲವೆಂದು ತಾವು ಸಹಿ ಹಾಕಿದ್ದ ಪತ್ರವನ್ನೂ ಲಗತ್ತಿಸಿದರು. ಮೇಲಿನಿಂದ ಅದಕ್ಕೆ ಉತ್ತರ ಬರಲಿಲ್ಲ. ರೀಕಾಲ್ ಕೂಡ ಆಗಲಿಲ್ಲ. ಬೇಕಾಗಿಯೂ ಇರಲಿಲ್ಲ, ಬೆಂಕಿ ಹಚ್ಚಿದವಳು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು.

ತಿಂಗಳ ಕೊನೆಯಲ್ಲಿ ಕಂಪನಿಯವರು ವಿಮಾನದಲ್ಲಿ ಸಾಕೆಟ್ಟುಗಳನ್ನು ತರಿಸಿ, ಅಂಟು ಹಾಕಿಸಿಕೊಂಡ ಎಲ್ಲ ಕಾರುಗಳಿಗೂ ಪುಕ್ಕಟೆಯಾಗಿ ಹಾಕಿಕೊಟ್ಟರು. ಮ್ಯಾನೇಜರ್ ಒಂದೊಂದು ಮನೆಗೂ ಹೂಗುಚ್ಛ ಕಳಿಸಿದನಂತೆ.

ಅದನ್ನು ಕೇಳಿದ ದಿನ ಇನ್ಸ್‌ಪೆಕ್ಟರ್ ಬಾಗಿಲು ಹಾಕಿಕೊಂಡು ದೂರುದಾರರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಇದು ಇಲಾಖೆಯ ಮಾತಲ್ಲ, ತಮ್ಮ ಸ್ವಂತ ಮಾತು ಎಂದರು. ದಯವಿಟ್ಟು ಕಾರನ್ನು ಚಾರ್ಜಿಗೆ ಹಾಕಬೇಡಿ ಎಂದರು. ವಕೀಲರು ಇದನ್ನು ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿದರು. ಹೂವಿನಂಗಡಿಯವಳು ಆಮೇಲೆ ಮಾತಾಡುತ್ತೇನೆಂದು ಇಟ್ಟಳು.

ಗಣಿತದ ಮೇಡಂ ಮಾತ್ರ ಪೂರ್ತಿ ಕೇಳಿಸಿಕೊಂಡರು. ಹಿನ್ನೆಲೆಯಲ್ಲಿ ಮಕ್ಕಳು ಬಟ್ಟೆ ಬ್ಯಾಗು ಹುಡುಕುತ್ತ ಕೂಗಾಡುವುದು ಕೇಳುತ್ತಿತ್ತು.

"ನಮಗೋಸ್ಕರ ಇಷ್ಟು ಕಾಳಜಿ ತಗೊಂಡ್ರಲ್ಲ ಸಾರ್, ದೊಡ್ಡ ಉಪಕಾರ," ಎಂದರು. "ಆದ್ರೆ ಆ ಹೆಂಗಸನ್ನ ನೀವೇ ಹಿಡಿದು ಒಳಗೆ ಹಾಕಿದ್ರಲ್ಲ. ಇನ್ನೇನು ಭಯ? ನಾಳೆ ಬೆಳಿಗ್ಗೆ ಮಕ್ಕಳನ್ನ ಅಜ್ಜಿ ಮನೆಗೆ ಕರ್ಕೊಂಡು ಹೊರಟಿದೀವಿ. ಅದಕ್ಕೇ ಈಗ ತಾನೆ ಚಾರ್ಜಿಗೆ ಹಾಕಿ ಬಂದೆ."