ಉಗುರಪ್ಪನೂ ತಾಮ್ರದ ಕರಿಗಡುಬೂ

ಬೆಂಕಿಗೂ ಹಿಮಕ್ಕೂ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಗುಡ್ಡಗಳಾಚೆಯ ಗುಡ್ಡದಾಚೆ, ಕಂಚಿನಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿಯ ಜನ ಪಾತ್ರೆ ಮಾಡುವುದರಲ್ಲಿ ಎತ್ತಿದ ಕೈ. ಪಾತ್ರೆ ಎಂದರೆ ದಪ್ಪಗಿರಬೇಕು ಎಂಬುದು ಅವರ ಹೆಮ್ಮೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಆ ಮನೆಯ ಕೊಡವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ‘ಢಣ್’ ಎಂದರೆ ಸಂಬಂಧ ಕುದುರಿತು. ‘ಟಿಣ್’ ಎಂದರೆ ಎಲೆಅಡಿಕೆಯನ್ನೂ ಮುಟ್ಟದೆ ಎದ್ದು ಹೊರಡುತ್ತಿದ್ದರು.

ಆ ಊರಿನ ಕಂಚುಗಾರರಲ್ಲೆಲ್ಲ ಗಂಗವ್ವೆಯೇ ಮೊದಲಿಗಳು. ಆನೆ ಮೆಟ್ಟಿದರೂ ನೆಗ್ಗದ ಪಾತ್ರೆ ಅವಳದು. ಅವಳ ಸ್ವಭಾವವೂ ಹಾಗೆಯೇ, ಅರೆಬರೆ ಇಲ್ಲ. ಬೈದರೆ ಕೆಂಡ, ತಬ್ಬಿದರೆ ತಂಪು. ಅವಳಿಗೆ ಪದುಮಿ ಎಂಬ ಒಬ್ಬಳೇ ಮಗಳು. ಪದುಮಿಯ ಬಾಯಲ್ಲಿ ಸದಾ ಒಂದೇ ಮಾತು: ‘ಯಾಕೆ?’

“ಅವ್ವಾ, ಗಂಜಿ ಯಾಕೆ ಅಂಚಿನಲ್ಲೇ ಮೊದಲು ಆರುತ್ತದೆ?”

“ಅಂಚಿನಿಂದ ಉಣ್ಣಲಿ ಅಂತ. ಬಾಯಿ ಮುಚ್ಚಿಕೊಂಡು ಉಣ್ಣು!”

“ಬಾಯಿ ಮುಚ್ಚಿಕೊಂಡರೆ ಉಣ್ಣುವುದು ಹೇಗೆ?”

“ಇವಳಿಗೆ ಗಂಡು ಹುಡುಕುವುದಕ್ಕಿಂತ ಇವಳ ‘ಯಾಕೆ’ಗೆ ಗಂಡು ಹುಡುಕುವುದು ಕಷ್ಟ!” ಎಂದು ಗಂಗವ್ವೆ ಸುತ್ತಿಗೆ ಎತ್ತುತ್ತಿದ್ದಳು. ಆಮೇಲೆ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಒಮ್ಮೆ ಪದುಮಿ ಹಬ್ಬಕ್ಕೆಂದು ಸೋದರಮಾವನ ಮನೆಗೆ ಹೋದಳು. ಹಬ್ಬ ಮುಗಿಸಿ ಬಂದು ನೋಡುತ್ತಾಳೆ, ಊರೇ ಬೇರೆಯಾಗಿದೆ. ಒಲೆ ಉರಿಯುತ್ತಿದೆ, ಗಂಜಿ ಕುದಿಯುತ್ತಿಲ್ಲ. ಮಡಕೆ ನೆರಳಿನಲ್ಲಿದೆ, ನೀರು ತಣ್ಣಗಿಲ್ಲ. ಎಲ್ಲವೂ ಉಗುರುಬೆಚ್ಚಗೆ. ಜನರೂ ಹಾಗೆಯೇ. ಬೀದಿಯಲ್ಲಿ ಜಗಳವಿಲ್ಲ, ನಗುವೂ ಇಲ್ಲ. ಅರಮನೆಯ ಬಾಗಿಲಲ್ಲಿ ಕಾವಲುಗಾರ, “ಒಳಗೆ ಹೋದರೂ ಸರಿ, ಹೋಗದಿದ್ದರೂ ಸರಿ” ಎನ್ನುತ್ತಿದ್ದ. ಒಳಗೆ ಅರಸನೂ ಅದನ್ನೇ ಹೇಳುತ್ತಿದ್ದ.

ಪದುಮಿ ಮನೆಗೆ ಓಡಿದಳು. ಗಂಗವ್ವೆ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ಅವ್ವಾ, ಬಂದೆ!”

“ಬಂದೆಯಾ? ಬಂದರೂ ಸರಿ, ಬರದಿದ್ದರೂ ಸರಿ.”

ಪದುಮಿ ಬೇಕೆಂದೇ ಹೊಸ ಕೊಡವೊಂದನ್ನು ಕಲ್ಲಿನ ಮೇಲೆ ಎತ್ತಿಹಾಕಿದಳು. ಬೈಗುಳಕ್ಕಾಗಿ ಕಾದಳು. ಗಂಗವ್ವೆ ಕೊಡವನ್ನು ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಗೋಡೆಯನ್ನು ನೋಡಿದಳು. ಪದುಮಿಗೆ ಆಗ ಅಳು ಬಂತು.

ಅಳುತ್ತಾ ಊರಬಾಗಿಲಿಗೆ ಬಂದರೆ, ಅಲ್ಲಿ ಶುಂಠಿ ಮಾರುವ ಅಜ್ಜಿ ಕುಳಿತಿದ್ದಳು. ಆಕೆ ಹುಟ್ಟಿದಾಗಿನಿಂದ ತನ್ನ ಶುಂಠಿಯ ರಸವೊಂದನ್ನು ಬಿಟ್ಟು ಬೇರೇನನ್ನೂ ಕುಡಿದವಳಲ್ಲ.

“ಅಳಬೇಡ ಮಗಳೇ. ಅಲ್ಲ, ಅಳು ಅಳು, ಅಳು ಕೇಳಿ ಎಷ್ಟು ದಿನವಾಯಿತು!” ಎಂದಳು ಅಜ್ಜಿ. “ಇದು ಉಗುರಪ್ಪನ ಕೆಲಸ. ಆ ಮಾಂತ್ರಿಕನ ಕಿರುಬೆರಳ ಉಗುರು ಹಾರೆಯಷ್ಟು ಉದ್ದ, ಹಾರೆಯಷ್ಟು ದಪ್ಪ. ಅದರಲ್ಲೇ ಅವನ ಜೀವ. ಅದನ್ನು ಊರಬಾವಿಗೆ ಅದ್ದಿ ಕಟ್ಟೆಯ ಮೇಲೆ ಕುಳಿತಿದ್ದಾನೆ. ಆ ನೀರು ಕುಡಿದವರೆಲ್ಲ ಹೀಗಾದರು. ಇನ್ನು ಸ್ವಲ್ಪ ದಿನ ಹೋದರೆ ಅವರಿಗೆ ತಮ್ಮ ಹೆಸರೂ ನೆನಪಿರುವುದಿಲ್ಲ.”

“ಅವನು ಯಾಕೆ ಹೀಗೆ ಮಾಡಿದ?”

“ಬಿಸಿಯವರು ಎದುರು ನಿಲ್ಲುತ್ತಾರೆ, ತಂಪಿನವರು ಯೋಚಿಸುತ್ತಾರೆ. ಉಗುರುಬೆಚ್ಚಗಿನವರು ಹೇಳಿದ್ದನ್ನು ಕೇಳುತ್ತಾರೆ.”

ಅಜ್ಜಿ ತನ್ನ ಮೂಗುತಿ ಬಿಚ್ಚಿದಳು. ಅದರಲ್ಲಿ ಮೂರು ಹರಳುಗಳಿದ್ದವು. “ಇವು ಹರಳಲ್ಲ, ಜೀವಜಲದ ಹನಿಗಳು. ಒಂದು ಹನಿಯನ್ನು ಕುದಿಯುವಷ್ಟು ಕಾಯಿಸಿ, ಹಿಮದಷ್ಟು ತಣಿಸು, ಅದು ಎರಡಾಗುತ್ತದೆ. ಮತ್ತೆ ಕಾಯಿಸಿ ತಣಿಸು, ನಾಲ್ಕಾಗುತ್ತದೆ. ಹೀಗೆ ಬೆಳೆಸಿ ಒಂದು ಬಿಂದಿಗೆಯಷ್ಟಾದರೆ ಬಾವಿಗೆ ಸುರಿ. ಆದರೆ ಎಚ್ಚರ. ಬಿಸಿಯಿಂದ ತಂಪಿಗೆ ಹೋಗುವ ದಾರಿಯಲ್ಲಿ ಉಗುರುಬೆಚ್ಚಗೆ ಎಂಬ ಊರಿದೆ, ಅದು ಅವನ ಊರು. ‘ಉಗುರಪ್ಪ’ ಎಂದು ಒಮ್ಮೆ ಹೇಳುವಷ್ಟು ಹೊತ್ತು ಹನಿ ಅಲ್ಲಿ ತಂಗಿತೋ, ಅದು ಅವನದೇ.”

ಕಾಯಿಸಲು, ತಣಿಸಲು ಯಾರಿದ್ದಾರೆ? ಅದಕ್ಕೂ ಅಜ್ಜಿಯೇ ದಾರಿ ಹೇಳಿದಳು. ನಡುಬೆಟ್ಟದ ಗವಿಯಲ್ಲಿ ಎರಡು ತಲೆಯ ಹಾವೊಂದಿತ್ತು. ಒಂದು ತಲೆ ಕಾಯಣ್ಣ, ಅದರ ಉಸಿರು ಕೆಂಡ. ಇನ್ನೊಂದು ತಲೆ ತಣಿಯಣ್ಣ, ಅದರ ಉಸಿರು ಹಿಮ. ಪದುಮಿ ಮನೆಯಿಂದ ಸುತ್ತಿಗೆ, ಇಕ್ಕಳ, ಕಂಚು, ತಾಮ್ರಗಳನ್ನು ಹೊತ್ತು ಗವಿಗೆ ಹೋದಾಗ ಎರಡೂ ತಲೆಗಳು ಜಗಳವಾಡುತ್ತಿದ್ದವು.

“ಅಣ್ಣಂದಿರಾ, ನನ್ನ ಅವ್ವನಿಗಾಗಿ ಸ್ವಲ್ಪ ಉಸಿರು ಕೊಡುತ್ತೀರಾ?”

“ಕೊಡದೆ ಏನು! ಆ ಉಗುರಪ್ಪನಿಂದಾಗಿ ನಮಗೆ ಒಂದು ಒಳ್ಳೆಯ ಬೈಗುಳವೂ ಕೇಳಸಿಗುತ್ತಿಲ್ಲ” ಎಂದ ಕಾಯಣ್ಣ.

“ಇವನು ಕೊಟ್ಟರೆ ನಾನೂ ಕೊಡುತ್ತೇನೆ. ಇವನಿಗಿಂತ ಹೆಚ್ಚು ಕೊಡುತ್ತೇನೆ” ಎಂದ ತಣಿಯಣ್ಣ.

ಪದುಮಿ ಮೊದಲು ಅವ್ವ ಕಲಿಸಿದಂತೆ ಒಂದು ಪುಟ್ಟ ಕಂಚಿನ ಗಿಂಡಿ ಮಾಡಿದಳು. ದಪ್ಪ ಅಂಚು, ದಪ್ಪ ತಳ. ತಟ್ಟಿದರೆ ‘ಢಣ್’. ಮೊದಲ ಹನಿಯನ್ನು ಅದಕ್ಕೆ ಹಾಕಿ ಕಾಯಣ್ಣನ ಬಾಯಿಗೆ ಹಿಡಿದಳು. ಕಾಯಣ್ಣ ಊದಿದ, ಊದಿದ, ಗಿಂಡಿ ಕೆಂಪಾಯಿತು, ಕೊನೆಗೆ ಹನಿ ಕುದಿಯಿತು. ಇಕ್ಕಳದಲ್ಲಿ ಹಿಡಿದು ತಣಿಯಣ್ಣನ ಬಾಯಿಗೆ ತಂದಳು. ತಣಿಯಣ್ಣ ಊದಿದ, ಊದಿದ. ಗಿಂಡಿ ತನ್ನ ಬಿಸಿಯನ್ನು ಜಿಪುಣನ ಹಾಗೆ ಬಚ್ಚಿಟ್ಟುಕೊಂಡಿತ್ತು. ಹನಿ ಮೆಲ್ಲಮೆಲ್ಲಗೆ ಆರಿತು. ಉಗುರುಬೆಚ್ಚಗಾಯಿತು. ಅಲ್ಲೇ ನಿಂತಿತು.

ಗವಿಯ ಗೋಡೆಯನ್ನು ಸೀಳಿಕೊಂಡು ಉದ್ದನೆಯ ಹಳದಿ ಉಗುರೊಂದು ಬಂತು. ಗಿಂಡಿಯೊಳಗೆ ಇಳಿಯಿತು. “ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹದವಾಗಿರಲಿ ಮಗಳೇ, ಹದವಾಗಿರಲಿ” ಎಂಬ ದನಿ ಕೇಳಿತು. ಹನಿ ಇರಲಿಲ್ಲ.

“ನೀನು ಸರಿಯಾಗಿ ಊದಲಿಲ್ಲ!” ಎಂದ ಕಾಯಣ್ಣ.

“ನೀನು ಅತಿಯಾಗಿ ಊದಿದೆ!” ಎಂದ ತಣಿಯಣ್ಣ.

“ಸುಮ್ಮನಿರಿ ಅಣ್ಣಂದಿರಾ. ತಪ್ಪು ಗಿಂಡಿಯದು” ಎಂದಳು ಪದುಮಿ. ಬಿಸಿ ಮೊದಲು ಗಿಂಡಿಯನ್ನು ದಾಟಿ ಹನಿಗೆ ಹೋಗಬೇಕು, ಮತ್ತೆ ಗಿಂಡಿಯನ್ನು ದಾಟಿ ಹೊರಗೆ ಬರಬೇಕು. ಬಾಗಿಲೇ ಅಷ್ಟು ದಪ್ಪವಿದ್ದರೆ ಹೋಗಿಬರುವವರ ಗತಿ? ಅವಳಿಗೆ ಗಂಜಿಯ ತಟ್ಟೆ ನೆನಪಾಯಿತು. ಅಂಚಿನಲ್ಲಿ ಗಂಜಿ ತೆಳ್ಳಗೆ ಹರಡಿರುತ್ತದೆ, ಅದಕ್ಕೇ ಬೇಗ ಆರುತ್ತದೆ. ಹಾಗಾದರೆ ಇಡೀ ಪಾತ್ರೆಯೇ ಅಂಚಾದರೆ?

ಅವಳು ತಾಮ್ರವನ್ನು ಬಡಿದಳು. ಪಾತ್ರೆ ದಪ್ಪಗಿರಲಿ ಎಂಬ ಅವ್ವನ ಮಾತು ಕಿವಿಯಲ್ಲಿ ಗುಂಯ್ಗುಟ್ಟಿದರೂ ಬಡಿದಳು. ತಗಡು ತೆಳುವಾಯಿತು, ವೀಳ್ಯದೆಲೆಯಂತಾಯಿತು. ತಟ್ಟಿದರೆ ‘ಟಿಣ್’ ಎಂದಿತು. ಪದುಮಿಗೆ ನಾಚಿಕೆಯಾಯಿತು, ಆದರೂ ಎರಡನೆಯ ಹನಿಯನ್ನು ಅದರ ಮೇಲೆ ಹರಡಿದಳು. ಕಾಯಣ್ಣ ‘ಹಾ’ ಎನ್ನುವಷ್ಟರಲ್ಲಿ ಹನಿ ಕುದಿಯಿತು. ತಣಿಯಣ್ಣ ‘ಹೂ’ ಎನ್ನುವಷ್ಟರಲ್ಲಿ ತಣಿಯಿತು. ಒಂದು ಎರಡಾಯಿತು! ಉಗುರು ಗೋಡೆಯಿಂದ ಇಣುಕಿತು, ಎಲ್ಲಿ ನುಗ್ಗಬೇಕೆಂದು ತಿಳಿಯದೆ ತಡವರಿಸಿತು. ಪದುಮಿ ಕುಣಿದಾಡಿದಳು.

ಆದರೆ ತೆರೆದ ತಟ್ಟೆಯಲ್ಲವೆ? ಕುದಿದಾಗಲೆಲ್ಲ ಹಬೆ ಹಾರಿತು. ಹುಟ್ಟಿದ್ದಕ್ಕಿಂತ ಹೋದದ್ದೇ ಹೆಚ್ಚಾಯಿತು. ಎರಡು ಮತ್ತೆ ಒಂದಾಯಿತು, ಒಂದು ಅರೆಯಾಯಿತು, ಅರೆ ಒಂದು ಬಿಳಿ ಕಲೆಯಾಯಿತು.

ಇನ್ನು ಉಳಿದದ್ದು ಒಂದೇ ಹನಿ.

ಪದುಮಿ ಗವಿಯ ಬಾಯಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಅತ್ತೆ ಹಬ್ಬಕ್ಕೆ ಮಾಡಿ ಕಟ್ಟಿಕೊಟ್ಟ ಕರಿಗಡುಬುಗಳು ಇನ್ನೂ ಉಳಿದಿದ್ದವು. ಒಂದನ್ನು ಬಾಯಿಗಿಡಲು ಹೋದವಳು ಹಾಗೆಯೇ ನಿಂತಳು. ತಿರುಗಿಸಿ ನೋಡಿದಳು. ತೆಳ್ಳನೆಯ ಹಾಳೆ, ಮಡಿಚಿ ಮುಖಕ್ಕೆ ಮುಖ. ಸುತ್ತಲೂ ಅಂಚನ್ನು ಮುರಿಗೆ ಹಾಕಿ ಮುಚ್ಚಿದ್ದಾರೆ, ಕುದಿಯುವ ಎಣ್ಣೆಯಲ್ಲೂ ಒಳಗಿನ ಹೂರಣ ಹೊರಗೆ ಬರುವುದಿಲ್ಲ.

“ಅಣ್ಣಂದಿರಾ, ಸಿಕ್ಕಿತು!”

“ನಮಗೂ ಒಂದು ಸಿಗುತ್ತದೆಯೇ?” ಎಂದವು ಎರಡೂ ತಲೆಗಳು, ಆ ದಿನ ಮೊದಲ ಬಾರಿಗೆ ಒಟ್ಟಾಗಿ.

ತಾಮ್ರದ ರೇಕನ್ನು ಮಡಿಚಿ, ಅಂಚಿಗೆ ಮುರಿಗೆ ಹಾಕಿ, ಹೆಬ್ಬೆರಳಿನಷ್ಟು ಅಗಲದ ಚಪ್ಪಟೆ ಕಡುಬೊಂದನ್ನು ಪದುಮಿ ಮಾಡುತ್ತಿದ್ದಾಗ, ಒಬ್ಬ ಮುದುಕ ಗವಿಯ ಬಾಗಿಲಿಗೆ ಬಂದ. ಒಂದು ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡಿದ್ದ.

“ಏನಮ್ಮಾ ಇದು, ಮಕ್ಕಳಾಟವೆ? ಇಷ್ಟು ಚಿಕ್ಕದರಲ್ಲಿ ಊರಿಗೆ ಸಾಲುವಷ್ಟು ನೀರು ಹೇಗೆ ಹಿಡಿಯುತ್ತೀಯೆ? ಬಿಂದಿಗೆಯಷ್ಟು ದೊಡ್ಡದು ಮಾಡು. ಗಂಗವ್ವೆಯ ಮಗಳು ನೀನು, ಮನೆತನದ ಮರ್ಯಾದೆ ನೋಡು. ದಪ್ಪಗೆ ಮಾಡು.”

ಪದುಮಿಗೆ ಮಾತು ಸರಿಯೆನಿಸಿತು. ಕೈ ದೊಡ್ಡ ತಗಡಿನತ್ತ ಹೋಯಿತು. ಆದರೆ ಹಳೆಯ ಚಾಳಿ ಬಿಡಬೇಕಲ್ಲ.

“ಯಾಕೆ, ತಾತ?”

“ಯಾಕೆ ಅಂದರೆ?”

“ದೊಡ್ಡದಾದರೆ ಹೊಟ್ಟೆಯ ನಡುವಿನ ನೀರಿಗೆ ಬಿಸಿ ಯಾವಾಗ ಮುಟ್ಟುತ್ತದೆ? ತಂಪು ಯಾವಾಗ ಮುಟ್ಟುತ್ತದೆ? ನಡುವೆಲ್ಲ ಉಗುರುಬೆಚ್ಚಗೇ ಉಳಿಯುವುದಿಲ್ಲವೆ?”

“ಅಯ್ಯೋ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹದವಾಗಿದ್ದರೆ ಆಯಿತಪ್ಪ” ಎಂದ ಮುದುಕ.

ಆ ಮಾತನ್ನು ಅವಳು ಕೇಳಿದ್ದಳು. “ಕಾಯಣ್ಣಾ!” ಎಂದು ಕೂಗಿದಳು. ಕೆಂಡದ ಉಸಿರು ಹೊರಟಿತು. ಶಾಲು ಸುಟ್ಟು ಬಿತ್ತು, ಹಳದಿ ಉಗುರು ಹೊರಬಂತು, ಉಗುರಪ್ಪ ಹೊಗೆಯಾಗಿ ಬಾವಿಕಟ್ಟೆಗೆ ಓಡಿಹೋದ.

ಆಮೇಲೆ ಪದುಮಿ ದೊಡ್ಡದೊಂದನ್ನು ಮಾಡಲಿಲ್ಲ, ಚಿಕ್ಕವನ್ನೇ ಬೇಕಾದಷ್ಟು ಮಾಡಿದಳು. ಕೊನೆಯ ಹನಿಯನ್ನು ಒಂದರೊಳಗಿಟ್ಟು ಮುಚ್ಚಿದಳು, ಅದರಲ್ಲಿ ಬೆಳೆದದ್ದನ್ನು ಎರಡಕ್ಕೆ ಹಂಚಿದಳು, ಎರಡರದ್ದನ್ನು ನಾಲ್ಕಕ್ಕೆ. ಯಾವುದನ್ನೂ ಬಾಯಿಮಟ್ಟ ತುಂಬಲಿಲ್ಲ. ‘ಕಡುಬಿನ ಹೊಟ್ಟೆ ಬಿರಿಯ ತುಂಬಿದರೆ ಬಾಣಲೆಯಲ್ಲಿ ಒಡೆದೀತು, ಉಸಿರಿಗೆ ಜಾಗ ಬಿಡೇ’ ಎಂದು ಅವ್ವ ಎಷ್ಟು ಸಲ ಬೈದಿರಲಿಲ್ಲ! ಕಡುಬುಗಳನ್ನು ತೋರಣದಂತೆ ಸರಿಗೆಗೆ ಪೋಣಿಸಿ ಕಾಯಣ್ಣನ ಬಾಯಿಂದ ತಣಿಯಣ್ಣನ ಬಾಯಿಗೆ, ತಣಿಯಣ್ಣನ ಬಾಯಿಂದ ಕಾಯಣ್ಣನ ಬಾಯಿಗೆ ಆಡಿಸಿದಳು. ಹಾ, ಹೂ. ಹಾ, ಹೂ. ತೋರಣ ಉದ್ದವಾಯಿತು. ಉಗುರು ಗೋಡೆಯಿಂದ ಬಂದು ಬಂದು ಬರಿಗೈಯಲ್ಲಿ ಮರಳಿತು. ಅದರ ಊರಿನಲ್ಲಿ ಯಾರೂ ತಂಗಲೇ ಇಲ್ಲ.

ಬಿಂದಿಗೆಯಷ್ಟಾದಾಗ ತೋರಣದ ಅರ್ಧವನ್ನು ಕಾಯಣ್ಣ ಕಚ್ಚಿಕೊಂಡ, ಅರ್ಧವನ್ನು ತಣಿಯಣ್ಣ ಕಚ್ಚಿಕೊಂಡ. ಪದುಮಿ ಹಾವಿನ ನಡುವಿನ ಮೇಲೆ ಕುಳಿತಳು, ಹಾವು ಊರಿನತ್ತ ಹರಿಯಿತು. ಬಾವಿಕಟ್ಟೆಯ ಮೇಲೆ ಉಗುರಪ್ಪ ಉಗುರನ್ನು ನೀರಿಗಿಳಿಸಿ ಕುಳಿತಿದ್ದ. ಸುತ್ತಲೂ ಊರಿನವರು ಸುಮ್ಮನೆ ನಿಂತಿದ್ದರು. ಅವರ ನಡುವೆ ಗಂಗವ್ವೆಯೂ ಇದ್ದಳು.

“ಗಂಗವ್ವೆ, ನಿನ್ನ ಮಗಳನ್ನು ಹಿಡಿದುಕೊ” ಎಂದ ಉಗುರಪ್ಪ.

ಗಂಗವ್ವೆ ಬಂದು ಪದುಮಿಯ ತೋಳು ಹಿಡಿದಳು. “ಹಿಡಿದರೂ ಸರಿ, ಬಿಟ್ಟರೂ ಸರಿ” ಎಂದಳು.

“ಹಾಗಾದರೆ ಬಿಡವ್ವಾ” ಎಂದಳು ಪದುಮಿ.

ಗಂಗವ್ವೆ ಬಿಟ್ಟಳು. ತಾನು ಮಾಡಿಟ್ಟ ಮಾಯೆಯೇ ಹೀಗೆ ತಿರುಗಿ ಬಿದ್ದೀತೆಂದು ಉಗುರಪ್ಪ ಎಣಿಸಿರಲಿಲ್ಲ.

ಪದುಮಿ ಕಾಯಣ್ಣನ ತೋರಣವನ್ನು ಬಿಚ್ಚಿ ಸುರಿದಳು. ಬಾವಿ ಕೊತಕೊತನೆ ಕುದಿಯಿತು, ಉಗುರು ಕಾದು ಕೆಂಪಾಯಿತು. ಮರುಗಳಿಗೆಯೇ ತಣಿಯಣ್ಣನ ತೋರಣವನ್ನು ಸುರಿದಳು. ಬಾವಿ ಹಿಮವಾಯಿತು. ತೆಳ್ಳನೆಯ ತಾಮ್ರ ತಾಳಿಕೊಂಡ ಆ ಬಿಸಿ ತಂಪನ್ನು ದಪ್ಪನೆಯ ಉಗುರು ತಾಳಲಿಲ್ಲ. ‘ಟಪ್’ ಎಂದು ಸೀಳಿತು, ಬುಡದವರೆಗೆ ಒಡೆದು ಬಿತ್ತು. ಉಗುರಪ್ಪನ ಮಂತ್ರವೆಲ್ಲ ಅದರೊಂದಿಗೇ ಹೋಯಿತು. ಕಟ್ಟೆಯ ಮೇಲೆ ಉಳಿದದ್ದು ಚಳಿಗೆ ನಡುಗುವ ಒಬ್ಬ ಬಡಕಲು ಮುದುಕ.

ಊರಿನವರು ಬಾವಿಯ ಹೊಸ ನೀರು ಕುಡಿದರು. ಮೊದಲು ಯಾರೋ ಸೀನಿದರು. ಆಮೇಲೆ ಇಬ್ಬರು ಹೆಂಗಸರು ಹಗ್ಗಕ್ಕಾಗಿ ಜಗಳ ತೆಗೆದರು. ಮಕ್ಕಳು ನಕ್ಕರು, ಅರಸ ಕಿರೀಟ ಎಲ್ಲಿ ಎಂದು ಕಿರುಚಿದ. ಗಂಗವ್ವೆ ಬೊಗಸೆಯ ನೀರು ಕುಡಿದು ಕಣ್ಣರಳಿಸಿದಳು. ಅವಳ ಕಣ್ಣು ಮಗಳ ಕೈಯಲ್ಲಿದ್ದ ತಾಮ್ರದ ಕಡುಬಿನ ಮೇಲೆ ಬಿತ್ತು. ಕಿತ್ತುಕೊಂಡು ಬೆರಳಿನಿಂದ ತಟ್ಟಿದಳು.

‘ಟಿಣ್.’

“ಇದನ್ನು ಪಾತ್ರೆ ಅಂತಾರೇನೇ? ಊದಿದರೆ ಹಾರಿಹೋಗುತ್ತದೆ! ನಿನಗೆ ನಾನು ಕಲಿಸಿದ್ದು ಇದೇನಾ? ನಾಳೆ ಯಾರಾದರೂ ಹೆಣ್ಣು ನೋಡಲು ಬಂದು ತಟ್ಟಿದರೆ ನನ್ನ ಮಾನ ಏನಾಗಬೇಕು? ಮತ್ತೆ ಆ ಹೊಸ ಕೊಡವನ್ನು ಕಲ್ಲಿನ ಮೇಲೆ ಎತ್ತಿಹಾಕಿದವಳು ಯಾರು?”

ಪದುಮಿ ಕಣ್ಣೀರು ಸುರಿಸುತ್ತಾ ನಗುತ್ತಾ ನಿಂತಳು. “ಬೈಯವ್ವಾ, ಇನ್ನೂ ಬೈ.”

“ಯಾಕೆ?” ಎಂದಳು ಗಂಗವ್ವೆ, ಹುಟ್ಟಿದ ಮೇಲೆ ಮೊದಲ ಬಾರಿಗೆ. ಆಮೇಲೆ ಮಗಳನ್ನು ತಬ್ಬಿಕೊಂಡಳು.

ಉಗುರಪ್ಪನಿಗೆ ಅರಸ ಒಂದು ಕೆಲಸ ಕೊಟ್ಟ. ಬಾಣಂತಿಯರ ಮನೆಮನೆಗೆ ಹೋಗಿ, ಕೂಸಿನ ಸ್ನಾನದ ನೀರು ಹದವಾಗಿದೆಯೇ ಎಂದು ಬೆರಳದ್ದಿ ನೋಡುವುದು. ಆ ಕೆಲಸದಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲವಂತೆ. ಎರಡು ತಲೆಯ ಹಾವಿಗೆ ಪ್ರತಿ ಹಬ್ಬಕ್ಕೂ ಎರಡು ಬುಟ್ಟಿ ಕರಿಗಡುಬು ಹೋಗುತ್ತಿತ್ತು. ಯಾರ ಬುಟ್ಟಿ ದೊಡ್ಡದೆಂದು ಜಗಳವೂ ಆಗುತ್ತಿತ್ತು. ಕಂಚಿನಪುರದಲ್ಲಿ ಹೆಣ್ಣು ನೋಡಲು ಬಂದವರು ‘ಢಣ್’ ಎಂದರೂ ಕುಳಿತರು, ‘ಟಿಣ್’ ಎಂದರೂ ಕುಳಿತರು, “ಇದು ಯಾತಕ್ಕೆ ಮಾಡಿದ ಪಾತ್ರೆ?” ಎಂದು ಕೇಳುವುದನ್ನು ಕಲಿತರು.

ಅಲ್ಲಿಯವರು ಬಿಸಿಬಿಸಿಯಾಗಿ ಉಂಡರು, ತಣ್ಣಗೆ ಬಾಳಿದರು. ಕೇಳಿದವರ ಹೊಟ್ಟೆಯೂ ತಣ್ಣಗಿರಲಿ.