ಎರಡು ಕಡೆಯ ಎಳೆತ

ಸೋಣ ತಿಂಗಳು. ಮಳೆ ಬಿಟ್ಟು ಬಿಟ್ಟು ಬರುವ ಕಾಲ. ಬೆಳಗಿನ ಗಂಜಿಯ ಹೊತ್ತು ಕಳೆದು ಪಾಣೆಮಂಗಳೂರು ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಇದು ಶುರುವಾದದ್ದು ಆಗ.

ನಿಝಾರ್‌ನದು ಗಡಿಯಾರ ರಿಪೇರಿಯ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವನು ಮಳೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂತಿದ್ದವನ ಎದುರಿಗೆ ಯಾರೋ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟರು. ಒಳಗೆ ಹಸಿರು ಮಿಡತೆಗಳು ಟಪಟಪ ಹಾರುತ್ತಿದ್ದವು.

“ಗಾಳಕ್ಕಾ?” ಎಂದ ನಿಝಾರ್, ತಲೆ ಎತ್ತದೆ. “ಹೊಳೆಯಲ್ಲಿ ಈಗ ಕೆಂಪು ನೀರು. ಮೀನು ಕಚ್ಚುವುದಿಲ್ಲ.”

“ಗಾಳ ಹಾಕುವವಳ ಹಾಗೆ ಕಾಣ್ತೇನಾ ನಾನು?”

ತಲೆ ಎತ್ತಿದ. ಗಾಜು ತೆಗೆಯಲು ಮರೆತಿತ್ತು. ಒಂದು ಕಣ್ಣಿಗೆ ಅವಳು ಬರೀ ಮಂಜು. ಇನ್ನೊಂದು ಕಣ್ಣಿಗೆ, ಮಳೆಹನಿ ನಿಂತ ರೆಪ್ಪೆ, ನಗು ತಡೆದು ಹಿಡಿದ ತುಟಿ. ಯಾವ ಕಣ್ಣನ್ನು ನಂಬುವುದೆಂದು ಅವನಿಗೆ ತಿಳಿಯಲಿಲ್ಲ.

ಅವಳು ಸೌದಾ. ಸೇತುವೆಯ ಹತ್ತಿರ ಬಟ್ಟೆ ಅಂಗಡಿ ಇರುವ ಮೊಯಿದಿನಬ್ಬರ ಮಗಳು. ಮೂಡಬಿದ್ರೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪುತ್ತಿಗೆಯ ಗದ್ದೆಗಳಲ್ಲಿ ಮಿಡತೆ ಹಿಡಿಯುವುದು, ಅವುಗಳೊಳಗಿನ ಜೀವಕೋಶ ಹೇಗೆ ಒಂದಿದ್ದದ್ದು ಎರಡಾಗುತ್ತದೆ ಎಂದು ನೋಡುವುದು, ಇದು ಅವಳ ಕೆಲಸ. ಬ್ಯಾಗಿನಿಂದ ಒಂದು ಹಿತ್ತಾಳೆಯ ತುಂಡು ತೆಗೆದು ಮೇಜಿನ ಮೇಲಿಟ್ಟಳು. ಕೂದಲನ್ನು ಸೀಳಿ ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು ಸಣ್ಣ ತುದಿಯ ಗಾಜಿನ ಸೂಜಿಯನ್ನು ಹಿಡಿಯುವ ಯಂತ್ರದ ಭಾಗ ಅದು. ತಿರುಪು ಸವೆದು ಸೂಜಿ ನಡುಗುತ್ತಿತ್ತು.

“ಕಂಪೆನಿಯವರು ಆರು ತಿಂಗಳು ಅಂತಾರೆ. ನೀವು?”

“ಎಳೆದು ಮಾಡುವ ಕೆಲಸ ಅಲ್ಲ ಇದು. ತಾನಾಗಿ ಬರಬೇಕು,” ಎಂದ ನಿಝಾರ್.

ಅದು ಅವನ ತಂದೆ ಮೂಸಾ ಕಲಿಸಿ ಹೋದ ಪಾಠ. ಗಡಿಯಾರದ ಒಳಗೆ ಏನು ಸಿಕ್ಕಿಕೊಂಡರೂ ಎಳೆಯಬಾರದು, ಒತ್ತಬಾರದು. ಒಂದು ತೊಟ್ಟು ಎಣ್ಣೆ ಬಿಟ್ಟು ಕಾಯಬೇಕು. ಕಾದು ಕಾದು ನಿಝಾರ್‌ನ ಕೈಗೆ ಆತುರ ಎನ್ನುವುದೇ ಗೊತ್ತಿರಲಿಲ್ಲ.

ತಿರುಪು ಸರಿಯಾಯಿತು. ಆದರೆ ಅದನ್ನು ಯಂತ್ರಕ್ಕೆ ಕೂಡಿಸಲು ಅವನೇ ಮೂಡಬಿದ್ರೆಗೆ ಹೋಗಬೇಕಾಯಿತು. ಒಂದು ಆದಿತ್ಯವಾರ ಹೋದ, ಮುಂದಿನ ಆದಿತ್ಯವಾರವೂ ಹೋದ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದರೂ ಅವನ ಸ್ಕೂಟರು ಆ ದಾರಿ ಬಿಡಲಿಲ್ಲ.

“ಯಂತ್ರ ಸರಿಯಾಗಿ ಎಷ್ಟೋ ಸಮಯ ಆಯ್ತು ಮಾರಾಯ್ತಿ,” ಎಂದಳು ಸೌದಾಳ ಜೊತೆ ಕೆಲಸ ಮಾಡುವ ಕುಸುಮ, ಅವನಿಗೆ ಕೇಳುವ ಹಾಗೆಯೇ. “ಮೆಕ್ಯಾನಿಕ್ ಮಾತ್ರ ಇನ್ನೂ ರಿಪೇರಿ ಆಗಲಿಲ್ಲ.”

ಸೌದಾ ಸೂಕ್ಷ್ಮದರ್ಶಕದಿಂದ ಮುಖ ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ನಿಝಾರ್ ಅದನ್ನು ಕಂಡ, ಕಂಡದ್ದನ್ನು ಮನೆಗೆ ಕೊಂಡುಹೋದ.

ಒಮ್ಮೆ ಅವಳು ಅವನನ್ನೇ ಕೂರಿಸಿ ತೋರಿಸಿದಳು. ಎಣ್ಣೆಯ ಅಡಿಯಲ್ಲಿ ಒಂದು ಕೋಶ. ಅದರ ನಡುವೆ ಕಪ್ಪು ಕಡ್ಡಿಗಳ ಹಾಗೆ ವರ್ಣತಂತುಗಳು. ಅತ್ತಿಂದಲೂ ಇತ್ತಿಂದಲೂ ನೂಲಿನಂಥ ಎಳೆಗಳು ಬಂದು ಅವನ್ನು ಹಿಡಿದಿದ್ದವು.

“ಹಗ್ಗಜಗ್ಗಾಟದ ಹಾಗೆ ಉಂಟಲ್ಲ,” ಎಂದ.

“ಹೌದು. ಆದರೆ ಇಲ್ಲಿ ಗೆಲ್ಲಲಿಕ್ಕೆ ಎಳೆಯುವುದಲ್ಲ. ಎರಡೂ ಕಡೆಯಿಂದ ಎಳೆತ ಇದ್ದರೆ ಮಾತ್ರ ಹಿಡಿತ ಗಟ್ಟಿ. ಒಂದೇ ಕಡೆಯವರು ಹಿಡಿದುಕೊಂಡರೆ ಎಳೆ ಸಡಿಲ ಆಗ್ತದೆ. ಸಡಿಲ ಆದದ್ದನ್ನು ಕೋಶ ತಾನೇ ಬಿಟ್ಟುಬಿಡ್ತದೆ.”

“ಪಾಪ. ಆಮೇಲೆ?”

“ಆಮೇಲೆ ನಾನು ಸೂಜಿಯಿಂದ ಒಂದು ಚೂರು ಎಳೀತೇನೆ. ಇನ್ನೊಂದು ಕಡೆಯವರು ಹಿಡಿದಿದ್ದಾರೆ ಅಂತ ಅದಕ್ಕೆ ಧೈರ್ಯ ಬರ್ತದೆ. ಹಿಡಿತ ಬಿಡುವುದಿಲ್ಲ.”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕೋಶವನ್ನು ನೋಡುತ್ತಿದ್ದ.

ಮಾಗಿಯ ಚಳಿ ಹಿಡಿದಾಗ ಪುಣೆಯ ಒಂದು ಲ್ಯಾಬಿನಿಂದ ಅವಳಿಗೆ ಕರೆ ಬಂತು. ಬೆಳಕಿನ ಕಿರಣದಿಂದಲೇ ಕೋಶದ ಒಳಗಿನದನ್ನು ಹಿಡಿದು ಸರಿಸುವ ಇಕ್ಕುಳ ಅಲ್ಲಿತ್ತು. ಆದಿತ್ಯವಾರ ಅವಳು ಅದನ್ನು ಹೇಳಿದ್ದು ಕಾಲೇಜಿನ ಗೇಟಿನ ಹತ್ತಿರ, ಅವನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ.

“ಹೋಗಲಾ ಬೇಡವಾ ಅಂತ ಯೋಚನೆ. ನೀವೇನು ಹೇಳ್ತೀರಿ?”

“ಒಳ್ಳೆ ಅವಕಾಶ. ಹೋಗಿ.”

“ಉಪ್ಪನೂ ಕೇಳಿದರು, ನಿನ್ನನ್ನು ಯಾರಾದರೂ ಕೇಳಿಕೊಂಡು ಬರುವವರಿದ್ದಾರಾ ಅಂತ. ಯಾರು ಅಂತ ಅವರಿಗೆ ಅಂದಾಜು ಉಂಟು. ಅಡ್ಡಿ ಮಾಡುವವರಲ್ಲ ಅವರು.”

ಅವಳ ತಂದೆಯ ಅಡ್ಡಿಯೂ ಇಲ್ಲವೆಂದು ನಿಝಾರ್‌ಗೆ ತಿಳಿಯಿತು. ಬಾಯಿಗೆ ಬಂದ ಮಾತನ್ನು ನುಂಗಿದ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ತಾನು ಪುಣೆಗೆ ಹೋಗಲಾರ. ಈಗ ಕೇಳಿದರೆ ಅವಳು ಇಲ್ಲೇ ನಿಂತುಬಿಟ್ಟಾಳು. ಇಷ್ಟು ನಾಜೂಕಾದದ್ದಕ್ಕೆ ಕೈ ಹಾಕಬಾರದು. ತಾನಾಗಿ ಬರುವುದಿದ್ದರೆ ಬರುತ್ತದೆ.

“ನನ್ನದು ಏನೂ ಒತ್ತಾಯ ಇಲ್ಲ,” ಎಂದ.

“ಗೊತ್ತು. ಅದೇ ನನಗೆ ಬೇಸರ,” ಎಂದಳು ಸೌದಾ. ನಗುತ್ತಲೇ ಹೇಳಿದಳು, ಅದಕ್ಕೇ ಅವನು ಅದನ್ನು ತಮಾಷೆಯೆಂದು ತಿಳಿದ.

ಅವಳು ಕಾದಳು. ನಿಝಾರ್ ಅಂಗಡಿಯಲ್ಲಿ ಕೂತು ಅವಳಿಗೆ ಒಳ್ಳೆಯದಾಗಲೆಂದು ದುವಾ ಮಾಡಿದ. ಅದನ್ನೇ ಪ್ರೀತಿಯೆಂದುಕೊಂಡಿದ್ದ. ಮೂಡಬಿದ್ರೆಗೆ ಹೋಗುವುದನ್ನೂ ಬಿಟ್ಟ, ಅವಳ ಮನಸ್ಸು ಕದಡಬಾರದೆಂದು.

ಸೌದಾಳಿಗೆ ವಿಟ್ಲದಿಂದ ಸಂಬಂಧ ಬಂದ ಸುದ್ದಿ ಪೇಟೆಯಿಂದ ಮೊದಲು ತಲುಪಿದ್ದು ನಿಝಾರ್‌ನ ಉಮ್ಮ ನಫೀಸಮ್ಮನಿಗೆ. ಹುಡುಗ ಸಾಬಿತ್, ಪುಣೆಯಲ್ಲಿ ಮೇಷ್ಟ್ರು. ಮಗ ಗಂಜಿಯ ಬಟ್ಟಲು ತಂದಾಗ ಅವರು ಮುಖ ತಿರುಗಿಸಿದರು.

“ನೀನು ಹೋಗಿ ಕೇಳಿದ್ದಿಯಾ ಮೋನೆ?”

“ಅವಳಿಗೆ ದೊಡ್ಡ ಓದು ಉಂಟು ಉಮ್ಮ. ನಾನು ಯಾಕೆ ಎಳೆಯುವುದು?”

“ಕೇಳದೆ ಕೈಗೆ ಬರಲಿಕ್ಕೆ ಹುಡುಗಿ ಅಂದರೆ ಮೌಲೂದಿನಲ್ಲಿ ಎಲ್ಲರಿಗೂ ಹಂಚುವ ಚೀರಣಿ ಸಿಹಿಯಾ? ನಾನು ಸತ್ತರೆ ಒಬ್ಬಳೇ ಸಾಯ್ತೇನೆ. ನನ್ನ ಹೆಸರಲ್ಲಿ ನೀನು ಯಾಕೆ ಸಾಯುವುದು?” ಮತ್ತೆ ಅವನ ಕಡೆ ತಿರುಗಿ ಹೇಳಿದರು, “ಆ ಹುಡುಗಿ ಎರಡು ಸಲ ಬಂದು ಇಲ್ಲಿ ನನ್ನ ಕಾಲ ಹತ್ತಿರ ಕೂತಿದ್ದಳು. ‘ಉಮ್ಮ, ಅವರಿಗೆ ನಾನು ಬೇಕಾ’ ಅಂತ ಕೇಳಿದಳು. ನಾನೇನು ಹೇಳುವುದು? ಅದು ನೀನು ಹೇಳುವ ಮಾತು.”

ಗಂಜಿಯ ಬಟ್ಟಲು ಅಲ್ಲೇ ಇಟ್ಟು ನಿಝಾರ್ ಸ್ಕೂಟರು ತೆಗೆದ. ಬಂಟ್ವಾಳ ದಾಟಿ, ಮೂಡಬಿದ್ರೆಯ ದಾರಿ ಹಿಡಿದವನಿಗೆ ಸುಗ್ಗಿಯ ಗದ್ದೆಗಳು ಕಂಡವೋ ಇಲ್ಲವೋ.

ಸೌದಾ ಯಂತ್ರದ ಎದುರಿಗೆ ಇದ್ದಳು. ಕಣ್ಣು ಸೂಕ್ಷ್ಮದರ್ಶಕದಲ್ಲಿ, ಕೈ ತಿರುಪಿನ ಮೇಲೆ. ಕುಸುಮ ಅವನ ಮುಖ ನೋಡಿದವಳೇ ಹೊರಗೆ ಹೋದಳು.

“ಪುಣೆಗೆ ಹೋಗಬೇಡಿ,” ಎಂದ ನಿಝಾರ್. “ಇಲ್ಲ, ಹೋಗಿ. ಕಲಿತು ಬನ್ನಿ. ಆದರೆ ನನ್ನವಳಾಗಿ ಹೋಗಿ. ನನಗೆ ನೀವು ಬೇಕು, ಸೌದಾ.”

ಅವಳ ಬೆರಳು ಅಲುಗಲಿಲ್ಲ. ಅಲುಗಿದರೆ ಒಳಗೆ ಸೂಜಿ ಕೋಶವನ್ನು ಹರಿದುಬಿಡುತ್ತಿತ್ತು. ಕಣ್ಣೀರು ಮಾತ್ರ ಮೂಗಿನ ತುದಿಯವರೆಗೆ ಇಳಿದು ನಿಂತಿತು.

“ಶುಕ್ರವಾರ ಜುಮಾ ಕಳೆದು ಉಪ್ಪ ವಿಟ್ಲದವರಿಗೆ ಮಾತು ಕೊಟ್ಟರು,” ಎಂದಳು. “ನನ್ನನ್ನು ಕೇಳಿಯೇ ಕೊಟ್ಟದ್ದು. ನಾನು ಹೂಂ ಅಂದೆ. ಯಾರೂ ಒತ್ತಾಯ ಮಾಡಲಿಲ್ಲ.”

“ನೀವು ಹೇಳಬಹುದಿತ್ತು.”

“ಎಷ್ಟು ಸಲ ಹೇಳುವುದು ನಿಝಾರ್? ನಿಮ್ಮ ಉಮ್ಮನ ಹತ್ತಿರ ಕೂಡ ಹೇಳಿದೆ. ಒಂದು ಕಡೆಯಿಂದ ನಾನೊಬ್ಬಳೇ ಹಿಡಿದುಕೊಂಡಿದ್ದೆ. ಕೈ ಸೋತಿತು.”

“ನಿಮಗೆ ನೋವಾಗಬಾರದು ಅಂತ...”

“ಎಳೆದರೆ ನೋವಾಗ್ತದೆ, ಹೌದು. ಎಳೆಯದಿದ್ದರೆ ಬೇಡ ಅಂತ ಅರ್ಥ ಆಗ್ತದೆ.” ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. “ಈ ಕೋಶ ಉಂಟಲ್ಲ, ಒಂದೇ ಒಂದು ತಂತು ಹಿಡಿತಕ್ಕೆ ಸಿಗದಿದ್ದರೂ ಉಳಿದವೆಲ್ಲ ನಿಂತು ಕಾಯ್ತವೆ. ತುಂಬ ಹೊತ್ತು ಕಾಯ್ತವೆ. ಆದರೂ ಅದಕ್ಕೂ ಒಂದು ಕೊನೆ ಉಂಟು. ಆಮೇಲೆ ಸಿಗದೆ ಇದ್ದದ್ದನ್ನು ಬಿಟ್ಟು ಮುಂದೆ ಹೋಗ್ತದೆ.”

“ನಿಮ್ಮ ಉಪ್ಪನ ಹತ್ತಿರ ನಾನು ಮಾತಾಡ್ತೇನೆ. ಕಾಲು ಹಿಡೀತೇನೆ.”

ಸೌದಾ ಆಗ ಮುಖ ಎತ್ತಿದಳು. ಬಹಳ ಕಾಲದಿಂದ ಈ ಮಾತಿಗೇ ಹಸಿದಿದ್ದ ಕಣ್ಣು ಅದು. ಒಂದು ಗಳಿಗೆ ಆ ಕಣ್ಣು ಬೆಳಗಿತು, ಮತ್ತೆ ಆರಿತು.

“ಬೇಡ. ಸಾಬಿತ್ ಒಳ್ಳೆಯ ಜನ. ಮೊದಲ ದಿನವೇ ಹೇಳಿದ, ನೀನು ಬೇಕು ಅಂತ. ಅವನಿಗೆ ನಾನು ಹೂಂ ಅಂದ ಮೇಲೆ ಅವನ ಕೈ ಬಿಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ನೀವು ಕೂಡ ಅಂಥವಳನ್ನು ಇಷ್ಟಪಡಲಿಕ್ಕಿಲ್ಲ.”

ಅವಳು ಕುರ್ಚಿ ಬಿಟ್ಟು ಎದ್ದು, ಕೂರಲು ಸನ್ನೆ ಮಾಡಿದಳು. ನಿಝಾರ್ ಕೂತು ಕಣ್ಣಿಟ್ಟ. ನಡುವೆ ಸಾಲಾಗಿ ನಿಂತಿದ್ದ ಕಡ್ಡಿಗಳು ಮೆಲ್ಲಗೆ ಎರಡು ಪಾಲಾಗಿ ಅತ್ತಿತ್ತ ಸರಿಯುತ್ತಿದ್ದವು. ಸದ್ದಿಲ್ಲ. ಹಿಂದೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಕೋಶದ ಸೊಂಟ ಸಣ್ಣಗಾಗುತ್ತಾ ಬಂದು ಎಳೆಯಷ್ಟಾಗುವವರೆಗೂ ಅವನು ಕಣ್ಣು ತೆಗೆಯಲಿಲ್ಲ.

ಬರಾಅತ್ ರಾತ್ರಿಯ ಹಬ್ಬಕ್ಕೆ ಮೊದಲು ಸೌದಾಳ ನಿಕಾಹ್ ಆಯಿತು. ಉಮ್ಮ ಹಟ ಹಿಡಿದರೆಂದು ನಿಝಾರ್ ಹೋದ, ಮೊಯಿದಿನಬ್ಬರ ಕೈ ಹಿಡಿದು ಸಲಾಂ ಹೇಳಿದ. ಅವರು ಕೈಯನ್ನು ಬೇಗ ಬಿಡಲಿಲ್ಲ. “ನಾನು ಬಾಗಿಲಲ್ಲೇ ಕೂತಿದ್ದೆ ಮಗಾ, ನೀನು ಬರ್ತಿಯಾ ಅಂತ,” ಎಂದರು, ಇನ್ನೊಬ್ಬರಿಗೆ ಕೇಳದ ಹಾಗೆ.

ಬರಾಅತ್ ಕಳೆದ ಸೋಮವಾರ, ಬೆಳಗಿನ ಬಸ್ಸಿನಲ್ಲಿ, ಸೌದಾ ಗಂಡನೊಂದಿಗೆ ಪಾಣೆಮಂಗಳೂರು ಬಿಟ್ಟು ಹೋದಳು.